ಹಾಸನದ ಸುತ್ತ ಹಳ್ಳಿ ಹುಡುಕುವವರ ಮುಂದಿನ ಪ್ರಶ್ನೆ: ಊರೋ, ಲೇಔಟೋ?

ಹಾಸನದಲ್ಲಿ ಕೆಲಸ, ಸುತ್ತಲಿನ ಹಳ್ಳಿಯೊಂದರಲ್ಲಿ ಮನೆ. ಹೀಗೆ ಲೆಕ್ಕ ಹಾಕಿಕೊಂಡು ಜಾಗ ಹುಡುಕುತ್ತಿರುವವರನ್ನು ಎರಡು ಸುದ್ದಿಗಳು ಒಟ್ಟಿಗೆ ಗೊಂದಲಕ್ಕೆ ಕೆಡವಿವೆ. ಒಂದು, ಹಾಸನ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸುವ 2025ರ ತೀರ್ಮಾನ. ಅಕ್ಕಪಕ್ಕದ ಗ್ರಾಮ ಪಂಚಾಯಿತಿಗಳ ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಳ್ಳುವುದೂ ಅದರ ಭಾಗ. ಇನ್ನೊಂದು, ಅದೇ ವರ್ಷ ಪಂಚಾಯತ್ ರಾಜ್ ಕಾಯ್ದೆಗೆ ಬಂದ ತಿದ್ದುಪಡಿ. ಪಂಚಾಯಿತಿ ವ್ಯಾಪ್ತಿಯ ಅನಧಿಕೃತ ನಿವೇಶನಗಳನ್ನೂ ತೆರಿಗೆಯ ಲೆಕ್ಕಕ್ಕೆ ತಂದು ಖಾತೆ ಕೊಡಲು ಅದು ದಾರಿ ಮಾಡಿದೆ.

ಮೊದಲ ಸುದ್ದಿ ಕೇಳಿದವರಿಗೆ ಇವತ್ತು ಹಳ್ಳಿ ಅಂತ ಕೊಂಡದ್ದು ನಾಳೆ ವಾರ್ಡ್ ಆದರೆ ಗತಿಯೇನು ಎಂಬ ಚಿಂತೆ. ಎರಡನೆಯದನ್ನು ಕೇಳಿದವರಿಗೆ ಇನ್ನು ಯಾವ ಸೈಟು ಕೊಂಡರೂ ಖಾತೆ ಸಿಗುತ್ತದೆ, ಭಯವಿಲ್ಲ ಎಂಬ ಧೈರ್ಯ. ಚಿಂತೆಯಲ್ಲಿ ಸ್ವಲ್ಪ ನಿಜವಿದೆ. ಧೈರ್ಯದಲ್ಲಿ ಅಷ್ಟೂ ಇಲ್ಲ. ಎರಡಕ್ಕೂ ಕಾರಣ ಬಿಡಿಸಿ ನೋಡಿದರೆ ಹಳ್ಳಿ ಆರಿಸುವ ಕ್ರಮವೇ ಬೇರೆಯಾಗಬೇಕಾಗುತ್ತದೆ.

ಪಾಲಿಕೆಗೆ ಹಳ್ಳಿಗಳೇ ಯಾಕೆ ಬೇಕು

ಕರ್ನಾಟಕದ 1976ರ ಪೌರ ನಿಗಮಗಳ ಕಾಯ್ದೆ ಮಹಾನಗರ ಪಾಲಿಕೆಗೆ ಕೆಲವು ಅಳತೆಗಳನ್ನು ಇಟ್ಟಿದೆ. ಜನಸಂಖ್ಯೆ 3 ಲಕ್ಷಕ್ಕೆ ಕಡಿಮೆ ಇರಬಾರದು, ಜನಸಾಂದ್ರತೆ ಚದರ ಕಿಲೋಮೀಟರಿಗೆ 3,000 ದಾಟಿರಬೇಕು, ದುಡಿಯುವವರಲ್ಲಿ ಅರ್ಧದಷ್ಟಾದರೂ ಕೃಷಿಯೇತರ ಕೆಲಸದಲ್ಲಿರಬೇಕು, ವರಮಾನಕ್ಕೂ ಒಂದು ಮಿತಿ. 2011ರ ಜನಗಣತಿಯಲ್ಲಿ ಹಾಸನ ನಗರಸಭೆಯ ಜನಸಂಖ್ಯೆ ಸುಮಾರು 1.33 ಲಕ್ಷ. ಆಮೇಲೆ ಊರು ಎಷ್ಟೇ ಬೆಳೆದಿದ್ದರೂ ಹಳೆಯ ಗಡಿಯೊಳಗೆ ಈ ಅಳತೆ ಮುಟ್ಟುವುದು ಕಷ್ಟ. ಹಾಗಾಗಿ ಗಡಿಯನ್ನೇ ಹಿಗ್ಗಿಸಬೇಕು. ಹಿಗ್ಗಿಸಿದರೆ ಒಳಗೆ ಬರುವುದು ಪಂಚಾಯಿತಿಗಳ ಹಳ್ಳಿ, ಅವುಗಳ ಹೊಲ, ಕೆರೆ, ಗೋಮಾಳ.

ನಗರದ ಅಂಚು ಹೇಗೂ ಗಡಿ ದಾಟಿ ಹೋಗಿದೆ ಎಂಬುದು ಸರ್ಕಾರದ ಕಡೆಯ ವಾದ, ಅದನ್ನು ತಳ್ಳಿಹಾಕುವಂತಿಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1980ರ ದಶಕದಿಂದ ಇದೆ. ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳು, ಕೈಗಾರಿಕಾ ಪ್ರದೇಶದ ಜವಳಿ ಕಾರ್ಖಾನೆಗಳು ಬಂದವು. ಇಲ್ಲೆಲ್ಲ ದುಡಿಯುವವರ ಮನೆಗಳು ಊರಿನಾಚೆಯ ರಸ್ತೆಗಳ ಗುಂಟ ಹಬ್ಬಿದವು. ಅವರು ಬಳಸುವ ಮಾರುಕಟ್ಟೆ, ಆಸ್ಪತ್ರೆ, ಬಸ್ ನಿಲ್ದಾಣ ನಗರದವು. ತೆರಿಗೆ ಮಾತ್ರ ಪಂಚಾಯಿತಿಗೆ.

ಹಳ್ಳಿಯವರಲ್ಲೇ ಎರಡು ಅಭಿಪ್ರಾಯ

ರಸ್ತೆ ಬದಿಯಲ್ಲಿ ಜಮೀನಿದ್ದವರಿಗೆ ಪಾಲಿಕೆ ಬಂದರೆ ಬೆಲೆ ಏರುತ್ತದೆ. ಒಳಚರಂಡಿ, ಹೇಮಾವತಿ ನೀರು, ಬೀದಿ ದೀಪ, ಕಸದ ಗಾಡಿ ಬರುತ್ತದೆ ಎಂಬ ನಿರೀಕ್ಷೆಯೂ ಇದೆ. ಎರಡು ಎಕರೆಯಲ್ಲಿ ಆಲೂಗೆಡ್ಡೆ, ಜೋಳ ಬೆಳೆದು ಡೈರಿಗೆ ಹಾಲು ಹಾಕುವವರ ಲೆಕ್ಕ ಬೇರೆ. ಅವರಿಗೆ ಮನೆ ತೆರಿಗೆ ಏರುತ್ತದೆ, ಯಾಕೆಂದರೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ ತೆರಿಗೆ ಮಾರ್ಗಸೂಚಿ ಬೆಲೆಯ ಮೇಲೆ ನಿಲ್ಲುತ್ತದೆ. ಉದ್ಯೋಗ ಖಾತ್ರಿ ಕೆಲಸ ನಿಲ್ಲುತ್ತದೆ, ಅದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15ರಷ್ಟು ಮೀಸಲಾತಿ ಇದೆ, ಸರ್ಕಾರಿ ನೇಮಕಾತಿಯಲ್ಲೂ ಗ್ರಾಮೀಣ ಮೀಸಲಾತಿ ಇದೆ. ಊರ ಶಾಲೆ ನಗರದ ಗಡಿಯೊಳಗೆ ಬಂದರೆ ಮುಂದಿನ ಮಕ್ಕಳಿಗೆ ಆ ಬಾಗಿಲು ಮುಚ್ಚುತ್ತದೆ. ಕೆಲವು ಹಳ್ಳಿಗಳ ವಿರೋಧವನ್ನು ಬರೀ ರಾಜಕೀಯ ಎಂದು ಅಲ್ಲಗಳೆಯುವವರು ಈ ಒಂದು ಅಂಶವನ್ನಾದರೂ ಗಂಭೀರವಾಗಿ ನೋಡಬೇಕು.

ಹೊಸದಾಗಿ ಬರುವವರಿಗೂ ಇದು ನೇರವಾಗಿ ತಟ್ಟುತ್ತದೆ. ಕಡಿಮೆ ತೆರಿಗೆ, ಪಂಚಾಯಿತಿಯ ಸರಳ ಆಡಳಿತ, ಮಕ್ಕಳಿಗೆ ಹಳ್ಳಿ ಶಾಲೆ ಎಂದು ಲೆಕ್ಕ ಹಾಕಿ ನಗರದಂಚಿನಿಂದ ಮೂರು ನಾಲ್ಕು ಕಿಲೋಮೀಟರಿನಲ್ಲಿ ಜಾಗ ಕೊಂಡರೆ ಆ ಲೆಕ್ಕ ಹತ್ತು ವರ್ಷ ಉಳಿಯುವುದಿಲ್ಲ. ಹಳ್ಳಿಯಾಗಿಯೇ ಉಳಿಯುವ ಊರು ಬೇಕಿದ್ದರೆ ಶಾಂತಿಗ್ರಾಮ, ದುದ್ದ, ಮೊಸಳೆಹೊಸಹಳ್ಳಿಯಂಥ ಹೋಬಳಿ ಕೇಂದ್ರ ಅಥವಾ ದೊಡ್ಡ ಊರುಗಳ ದೂರಕ್ಕಾದರೂ, ಅಂದರೆ ಹನ್ನೆರಡು ಹದಿನೈದು ಕಿಲೋಮೀಟರ್, ಹೋಗಬೇಕಾಗುತ್ತದೆ. ನಗರದ ಸೌಕರ್ಯವೇ ಬೇಕು ಅನ್ನುವವರು ಹಳ್ಳಿ ಹುಡುಕುವ ಬದಲು ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದಿತ ಬಡಾವಣೆ ಹುಡುಕುವುದು ಮೇಲು. ನಡುವಿನ ಪಟ್ಟಿಯಲ್ಲಿ ಎರಡೂ ಸಿಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಆದರೆ ಅಲ್ಲಿ ಪಂಚಾಯಿತಿ ದೊಡ್ಡ ಕೆಲಸಕ್ಕೆ ಕೈ ಹಾಕುವುದಿಲ್ಲ, ನಗರಸಭೆ ಇನ್ನೂ ಕಾಲಿಟ್ಟಿರುವುದಿಲ್ಲ. ಚರಂಡಿಯಿಲ್ಲದೆ ವರ್ಷಗಟ್ಟಲೆ ಕಾಯುವುದು ಆ ಪಟ್ಟಿಯವರ ಪಾಡು.

ಖಾತೆ ಬಂದರೆ ಸಕ್ರಮ ಆದಂತೆಯೇ?

ಅಲ್ಲ. ಹೆಚ್ಚು ಜನ ಹಣ ಕಳೆದುಕೊಳ್ಳುವುದು ಇಲ್ಲೇ ಆದ್ದರಿಂದ ಇದನ್ನು ನಿಧಾನವಾಗಿ ನೋಡಬೇಕು.

ಪಂಚಾಯಿತಿ ವ್ಯಾಪ್ತಿಯಲ್ಲಿ ಮನೆ ಕಟ್ಟಲು ಅರ್ಹವಾದ ಜಾಗ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ಗ್ರಾಮಠಾಣಾ, ಅಂದರೆ ಊರು ಮೊದಲಿನಿಂದ ನೆಲೆಸಿರುವ, ಕಂದಾಯ ನಕ್ಷೆಯಲ್ಲಿ ವಾಸಕ್ಕೆಂದೇ ಗುರುತಾಗಿರುವ ಜಾಗ. ಎರಡನೆಯದು ಕೃಷಿ ಜಮೀನನ್ನು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಮಾಡಿಸಿ, ಬಡಾವಣೆ ನಕ್ಷೆಗೆ ಅನುಮೋದನೆ ಪಡೆದ ನಿವೇಶನ. ಇವೆರಡಕ್ಕೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗುತ್ತದೆ. ಇವೆರಡೂ ಅಲ್ಲದ್ದು, ಅಂದರೆ ಹೊಲವನ್ನು ಹಾಗೆಯೇ ಕತ್ತರಿಸಿ ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟು, 11ಬಿ ಸಾಲಿಗೆ ಹೋಗುತ್ತದೆ.

2025ರ ತಿದ್ದುಪಡಿ ಬದಲಿಸಿದ್ದು ಈ ಕೊನೆಯ ಸಾಲಿನ ಸ್ಥಿತಿಯನ್ನು. ಲೆಕ್ಕಕ್ಕೇ ಬಾರದೆ ಉಳಿದಿದ್ದ ಲಕ್ಷಾಂತರ ಸ್ವತ್ತುಗಳಿಂದ ತೆರಿಗೆ ಪಡೆಯುವುದು, ಇದ್ದವರಿಗೆ ಒಂದು ದಾಖಲೆ ಕೊಡುವುದು ಅದರ ಗುರಿ. ಈಗಾಗಲೇ ಕೊಂಡು ಮನೆ ಕಟ್ಟಿ ಕೂತವರಿಗೆ ಇದು ದೊಡ್ಡ ಸಮಾಧಾನ, ಅವರ ಮಟ್ಟಿಗೆ ಸರ್ಕಾರ ಮಾಡಿದ್ದು ಸರಿ. ಆದರೆ ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಅನಧಿಕೃತ ಬಡಾವಣೆ ಅಧಿಕೃತ ಆಗುವುದಿಲ್ಲ. ಭೂಪರಿವರ್ತನೆ ಆಗಿಲ್ಲ ಎಂಬ ಕೊರತೆ ಹಾಗೇ ಇರುತ್ತದೆ, ಉದ್ಯಾನಕ್ಕೆ ಬಿಡಬೇಕಾಗಿದ್ದ ಜಾಗ ಹುಟ್ಟಿ ಬರುವುದಿಲ್ಲ, ಇಪ್ಪತ್ತು ಅಡಿಯ ರಸ್ತೆ ಮೂವತ್ತಾಗುವುದಿಲ್ಲ. ಬಹುತೇಕ ಬ್ಯಾಂಕುಗಳು ಗೃಹಸಾಲ ಕೊಡುವಾಗ 11ಬಿ ನೋಡಿ ಹಿಂದೆ ಸರಿಯುತ್ತವೆ. ಇದ್ದವರ ಸಂಕಟ ಪರಿಹರಿಸಲು ತಂದ ಅವಕಾಶವನ್ನು ಹೊಸದಾಗಿ ಕೊಳ್ಳಲು ಆಮಂತ್ರಣ ಎಂದು ಓದುವುದೇ ಇವತ್ತು ನಡೆಯುತ್ತಿರುವ ತಪ್ಪು. ದಲ್ಲಾಳಿಗಳ ಮಾತಿನಲ್ಲಿ ಈ ತಪ್ಪು ದಿನಕ್ಕೆ ಹತ್ತು ಸಲ ಕೇಳಿಸುತ್ತದೆ.

ಎರಡನೇ ತಪ್ಪು ತಿಳಿವಳಿಕೆ 2020ರ ಭೂಸುಧಾರಣಾ ತಿದ್ದುಪಡಿಯದು. ಅದು 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಅದರಿಂದ ಕೃಷಿಕರಲ್ಲದವರೂ, ವರಮಾನ ಎಷ್ಟೇ ಇದ್ದರೂ, ಕೃಷಿ ಜಮೀನು ಕೊಳ್ಳಬಹುದು. ಕೊಳ್ಳಬಹುದು ಅಷ್ಟೆ. ಆ ಜಮೀನಿನಲ್ಲಿ ವಾಸದ ಮನೆ ಎಬ್ಬಿಸಲು ಪರಿವರ್ತನೆಯ ನಿಯಮ ಹಿಂದಿನಂತೆಯೇ ಉಂಟು. ತೋಟ ಕೊಂಡು ಅದರಲ್ಲೊಂದು ಮನೆ ಮಾಡಿಕೊಳ್ಳೋಣ ಎನ್ನುವ ನಗರದ ಸಂಬಳದಾರರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಮೂರನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ತುಂಬ ವರ್ಷ ಕಳೆದಿದ್ದರೆ ಕೇಳುವವರಿಲ್ಲ ಎಂಬ ನಂಬಿಕೆ ಬೇರೂರಿತ್ತು. 2023ರ ತಿದ್ದುಪಡಿ ಅದನ್ನು ಮುರಿದು, ಜಮೀನು ವಾಪಸು ಕೇಳಲು ಕಾಲಮಿತಿ ಇಲ್ಲ ಎಂದಿತು. ಕಾಯ್ದೆಯ ಉದ್ದೇಶ ನ್ಯಾಯವಾದದ್ದು. ಕಷ್ಟಕ್ಕೆ ಸಿಕ್ಕಿ ಮೂರು ಕಾಸಿಗೆ ಭೂಮಿ ಬಿಟ್ಟುಕೊಟ್ಟ ಕುಟುಂಬಗಳ ಹಕ್ಕು ಅದು. ಕೊಳ್ಳುವವರು ಮಾಡಬೇಕಾದ್ದು ಆ ಹಕ್ಕನ್ನು ಗೌರವಿಸಿ ಅಂಥ ಜಮೀನಿನಿಂದ ದೂರ ಉಳಿಯುವುದು. ಹದಿಮೂರು ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಸಿ ಕೈತೊಳೆದುಕೊಂಡರೆ ಇದು ಗೊತ್ತಾಗುವುದಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಮೂಲ ಮಂಜೂರಾತಿ, ಸಾಗುವಳಿ ಚೀಟಿ, ಹಳೆಯ ಮ್ಯುಟೇಷನ್ ತೆಗೆಸಬೇಕು. ಅದೇ ಓಡಾಟದಲ್ಲಿ ಬ-ಖರಾಬು ಎಷ್ಟು ಗುಂಟೆ, ಎಲ್ಲಿ ಎಂಬುದನ್ನೂ ನೋಡಿಕೊಳ್ಳಬೇಕು. ಹಳ್ಳ, ದಾರಿ, ಸ್ಮಶಾನ ಎಂದು ಬಿಟ್ಟ ಆ ಜಾಗ ಸಾರ್ವಜನಿಕರದ್ದು, ಪಹಣಿಯ ಒಟ್ಟು ವಿಸ್ತೀರ್ಣದಲ್ಲಿ ಅದು ಕಂಡರೂ ಮಾರಲು ಬರುವುದಿಲ್ಲ.

ಕರೆಂಟಿನ ವಿಷಯವೂ ಈಗ ಕಾಗದಕ್ಕೆ ಗಂಟುಬಿದ್ದಿದೆ. ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ರಾಜ್ಯದ ವಿದ್ಯುತ್ ಕಂಪನಿಗಳು ಹೊಸ ಸಂಪರ್ಕಕ್ಕೆ ತಡೆ ಹಾಕಿದವು. ಆಮೇಲೆ ಸಣ್ಣ ಮನೆಗಳಿಗೆ ವಿನಾಯಿತಿ ಕೊಡುವ ಆದೇಶಗಳು ಬಂದವು. ಹಾಸನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ (ಸೆಸ್ಕ್) ವ್ಯಾಪ್ತಿ. ನಿಮ್ಮ ಸೈಟಿನ ಬಗೆಗೆ ಯಾವ ಆದೇಶ ಅನ್ವಯ ಎಂಬುದನ್ನು ಮುಂಗಡ ಕೊಡುವ ಮೊದಲೇ ಸೆಸ್ಕ್ ಉಪವಿಭಾಗದಲ್ಲಿ ಕೇಳುವುದು ಒಳ್ಳೆಯದು. ಅಡಿಪಾಯ ಹಾಕಿದ ಮೇಲೆ ಕೇಳಿದರೆ ಉತ್ತರ ಏನೇ ಬಂದರೂ ಹಣ ಹೋಗಿರುತ್ತದೆ.

ಊರನ್ನು ಆರಿಸಿ

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸ್ಪಷ್ಟವಾಗುತ್ತದೆ. ಹಳ್ಳಿಯ ಹೆಸರಿನ ಲೇಔಟು ಬೇರೆ, ಹಳ್ಳಿ ಬೇರೆ. ಊರಿನಿಂದ ಒಂದೂವರೆ ಕಿಲೋಮೀಟರ್ ಆಚೆ, ಹೊಲದ ನಡುವೆ, ಕಮಾನು ಕಟ್ಟಿದ ಲೇಔಟಿಗೆ ಊರ ಹೆಸರಿರುತ್ತದೆ, ಊರಿರುವುದಿಲ್ಲ. ಬಸ್ಸು ನಿಲ್ಲುವುದು ಊರಲ್ಲಿ. ಪಂಚಾಯಿತಿ ನೀರಿನ ಕೊಳವೆ ಹೋಗುವುದು ಊರಿನ ಮನೆಗಳಿಗೆ. ಜಲ ಜೀವನ್ ಮಿಷನ್ನಿನಲ್ಲಿ ಲೆಕ್ಕ ಹಾಕಿದ್ದು ಜನವಸತಿಗಳನ್ನು, ಖಾಲಿ ಸೈಟುಗಳನ್ನಲ್ಲ. ಡೈರಿ, ಅಂಗನವಾಡಿ, ಶಾಲೆ, ನ್ಯಾಯಬೆಲೆ ಅಂಗಡಿ ಎಲ್ಲ ಅಲ್ಲೇ. ನೂರಾರು ಮನೆಗಳಿದ್ದಾಗ ರಸ್ತೆ ಕಿತ್ತುಹೋದರೆ ಕೇಳುವವರಿರುತ್ತಾರೆ. ಎಂಟು ಮನೆ, ಎಂಬತ್ತು ಖಾಲಿ ಸೈಟುಗಳ ಲೇಔಟಿನಲ್ಲಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಎಂಟು ಮನೆಯವರೇ ಅಲೆಯಬೇಕು. ಸೈಟು ಕೊಂಡಿಟ್ಟ ಉಳಿದವರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ.

ಗ್ರಾಮಠಾಣಾದಲ್ಲಿ ಜಾಗ ಸಿಗುವುದು ಸುಲಭವಲ್ಲ ಎಂಬುದು ನಿಜ. ಸಿಕ್ಕರೂ ಅಣ್ಣತಮ್ಮಂದಿರ ಪಾಲು ತೀರಿರುವುದಿಲ್ಲ, ಹೆಣ್ಣುಮಕ್ಕಳ ಸಹಿ ಆಗಿರುವುದಿಲ್ಲ, ನಾಲ್ಕು ಕಡೆಯ ಗೋಡೆಗಳಲ್ಲಿ ಒಂದು ಪಕ್ಕದ ಮನೆಯವರದ್ದಾಗಿರುತ್ತದೆ. ಹೀಗಿರುವಾಗ ಊರಿಗೆ ತಾಗಿದ, ಪರಿವರ್ತನೆ ಆದ ಜಮೀನು ಎರಡನೇ ಆಯ್ಕೆ. ಅದೂ ಆಗದಿದ್ದರೆ ಊರೊಳಗೆ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಒಂದು ಮಳೆಗಾಲ, ಒಂದು ಬೇಸಿಗೆ ಇದ್ದು ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಹಳ್ಳಿಗಳಲ್ಲಿ ಬಾಡಿಗೆ ಮನೆ ಈಗ ಅಪರೂಪವಲ್ಲ, ಮಕ್ಕಳು ಬೆಂಗಳೂರು ಸೇರಿ ಬೀಗ ಬಿದ್ದ ಮನೆಗಳು ಪ್ರತಿ ಊರಲ್ಲೂ ಇವೆ.

ಯಾವ ದಿಕ್ಕು

ಹಾಸನ ಮಲೆನಾಡಿಗೂ ಬಯಲಿಗೂ ನಡುವಿನ ಊರು. ಪಶ್ಚಿಮಕ್ಕೆ ನಲವತ್ತು ಕಿಲೋಮೀಟರ್ ಹೋದರೆ ಸಕಲೇಶಪುರ, ಅಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟುವ ಮಳೆ. ಈಶಾನ್ಯಕ್ಕೆ ಅಷ್ಟೇ ದೂರದ ಅರಸೀಕೆರೆಯಲ್ಲಿ 700ರ ಆಸುಪಾಸು. ಆದ್ದರಿಂದ ನಗರದಿಂದ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ ಯಾವ ಕಡೆಗೆ ಎನ್ನುವುದು ಬದುಕನ್ನು ಹೆಚ್ಚು ಬದಲಿಸುತ್ತದೆ.

ಪಶ್ಚಿಮದ ಆಲೂರು ಕಡೆ ಹಸಿರು ಕಣ್ಣಿಗೆ ಹಬ್ಬ, ಕೊಳವೆಬಾವಿಯ ಚಿಂತೆ ಕಡಿಮೆ. ಆದರೆ ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳು ರಾಜ್ಯದಲ್ಲಿ ಕಾಡಾನೆ ಸಮಸ್ಯೆ ತೀವ್ರವಾಗಿರುವ ಪ್ರದೇಶ. 2022ರಲ್ಲಿ ಸರ್ಕಾರ ಆನೆ ಕಾರ್ಯಪಡೆ ರಚಿಸಿದ ಜಿಲ್ಲೆಗಳಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಇವೆ. ಆನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ, ಅದು ನೆರವಾಗುತ್ತದೆ. ಆದರೂ ರಾತ್ರಿ ಎಂಟಕ್ಕೆ ಪಾಳಿ ಮುಗಿಸಿ ತೋಟದ ನಡುವಿನ ರಸ್ತೆಯಲ್ಲಿ ಬೈಕಿನಲ್ಲಿ ಬರಬೇಕಾದವರು ತಮ್ಮ ಕೆಲಸದ ವೇಳೆಯನ್ನು ಮೊದಲು ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಒಂದೆರಡು ದಿನ ಕತ್ತಲೆ ಅಲ್ಲಿ ಸಾಮಾನ್ಯ, ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಪೂರ್ವಕ್ಕೆ ಬೆಂಗಳೂರು ಹೆದ್ದಾರಿ. ರಸ್ತೆ ಚೆನ್ನಾಗಿದೆ, ವೇಗವಾಗಿ ನಗರ ತಲುಪಬಹುದು. ಆದರೆ ಶಾಂತಿಗ್ರಾಮದ ಟೋಲ್ ದಾಟಿ ಆಚೆ ಮನೆ ಮಾಡಿದರೆ ಕಾರಿಗೆ ದಿನಕ್ಕೆರಡು ಸಲ ಶುಲ್ಕ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸು 200 ಸಲ ದಾಟಲು ಮಾತ್ರ, ನಿತ್ಯ ಓಡಾಡುವವರಿಗೆ ನೂರು ಕೆಲಸದ ದಿನಕ್ಕೆ ಮುಗಿದುಹೋಗುತ್ತದೆ. ಟೋಲಿನಿಂದ 20 ಕಿಲೋಮೀಟರ್ ಒಳಗೆ ವಾಸಿಸುವವರ ಖಾಸಗಿ ಕಾರಿಗೆ ತಿಂಗಳ ಸ್ಥಳೀಯ ಪಾಸಿನ ನಿಯಮವಿದೆ, ಪರ್ಯಾಯ ರಸ್ತೆ ಇರುವ ಕಡೆ ಅದನ್ನು ಕೊಡುವುದಿಲ್ಲ. ದ್ವಿಚಕ್ರಕ್ಕೆ ಶುಲ್ಕವೇ ಇಲ್ಲ.

ದಕ್ಷಿಣಕ್ಕೆ ಹೊಳೆನರಸೀಪುರ ರಸ್ತೆ. ಮೊಸಳೆಹೊಸಹಳ್ಳಿಯಲ್ಲಿ ರೈಲು ನಿಲ್ದಾಣವಿದೆ, ಮೈಸೂರು ಮಾರ್ಗದ ಪ್ಯಾಸೆಂಜರ್ ಸಿಗುತ್ತದೆ. ಆದರೆ ಹೆದ್ದಾರಿಯೇ ಊರ ಬೀದಿಯೂ ಆಗಿರುವ ಕಡೆಗಳಲ್ಲಿ ಬೆಲೆ ತೆರಬೇಕಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಇದೇ ಊರಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಹಲವು ಎಳೆಯರು ಜೀವ ಕಳೆದುಕೊಂಡರು. ಹೆದ್ದಾರಿಗೆ ಹತ್ತಿರ ಎನ್ನುವುದನ್ನು ಜಾಹೀರಾತಿನಲ್ಲಿ ಗುಣವೆಂದು ಬರೆಯುತ್ತಾರೆ. ಶಾಲೆಗೆ ನಡೆದು ಹೋಗುವ ಮಕ್ಕಳಿರುವ ಮನೆಯವರು ಅದನ್ನು ಇನ್ನೊಂದು ಸಲ ಯೋಚಿಸಬೇಕು. ಹೆದ್ದಾರಿಯಿಂದ ಒಂದೆರಡು ಕಿಲೋಮೀಟರ್ ಒಳಗಿರುವ ಊರು ಎಷ್ಟೋ ಮೇಲು.

ಬೂವನಹಳ್ಳಿಯ ವಿಮಾನ ನಿಲ್ದಾಣದ ಹೆಸರಿನಲ್ಲಿ ಬೆಲೆ ಏರಿಸಿ ಹೇಳುವವರಿಗೆ ಕಿವಿಗೊಡದಿರುವುದು ಕ್ಷೇಮ. ಶಂಕುಸ್ಥಾಪನೆ ಆದದ್ದು 2007ರಲ್ಲಿ.

ನೀರುಗಂಟಿಯನ್ನು ಕೇಳಿ

ನೀರು ಇದೆಯೇ ಎಂದು ಕೇಳಿದರೆ ಎಲ್ಲ ಊರಲ್ಲೂ ಇದೆ ಎಂದೇ ಉತ್ತರ. ಕೇಳಬೇಕಾದದ್ದು ಕಳೆದ ಏಪ್ರಿಲಿನಲ್ಲಿ ಎಷ್ಟು ದಿನಕ್ಕೊಮ್ಮೆ ಬಿಟ್ಟಿರಿ ಎಂದು, ಕೇಳಬೇಕಾದವರು ವಾಲ್ವ್ ತಿರುಗಿಸುವ ನೀರುಗಂಟಿ. ಯಾವ ಕೊಳವೆಬಾವಿ ಯಾವ ವರ್ಷ ಬತ್ತಿತು, ತೊಂಬೆ ತುಂಬಲು ಎಷ್ಟು ಹೊತ್ತು ಬೇಕು, ತ್ರೀಫೇಸ್ ಯಾವ ವೇಳೆ ಬರುತ್ತದೆ, ಎತ್ತರದ ಬೀದಿಗೆ ನೀರು ಏರುತ್ತದೋ ಇಲ್ಲವೋ, ಎಲ್ಲ ಆತನಿಗೆ ಗೊತ್ತು. ಮಾರುವವರಿಗೂ ಕೊಳ್ಳುವವರಿಗೂ ಸಂಬಂಧವಿಲ್ಲದ ಮನುಷ್ಯನಾದ್ದರಿಂದ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಜಲ ಜೀವನ್ ಮಿಷನ್ನಿನ ನಲ್ಲಿ ಮನೆ ಮುಂದೆ ನಿಂತಿದೆ ಎಂದ ಮಾತ್ರಕ್ಕೆ ಅದರ ಹಿಂದೆ ನೀರಿನ ಮೂಲ ಗಟ್ಟಿಯಾಗಿದೆ ಎಂದಲ್ಲ. ಹೊಳೆ ನೀರಿನ ಬಹುಗ್ರಾಮ ಯೋಜನೆ ಬಂದಿರುವ ಊರಿಗೂ, ಒಂದೇ ಕೊಳವೆಬಾವಿಯ ಮೇಲೆ ನಿಂತಿರುವ ಊರಿಗೂ ಬೇಸಿಗೆಯಲ್ಲಿ ಅಜಗಜಾಂತರ.

ನೀರು ಹೆಚ್ಚಾಗುವ ಕಡೆಯೂ ಎಚ್ಚರ ಬೇಕು. ಕೆರೆಯ ಕೆಳಗಿನ ಅಚ್ಚುಕಟ್ಟು ಗದ್ದೆಗಳನ್ನು ಮಣ್ಣು ತುಂಬಿ ಸೈಟು ಮಾಡಿದ ಜಾಗಗಳು ರಸ್ತೆಗೆ ಹತ್ತಿರ, ಸಮತಟ್ಟು, ನೋಡಲು ಚೆಂದ. ಕೆರೆ ಕೋಡಿ ಬಿದ್ದ ವರ್ಷ ನೀರು ತನ್ನ ಹಳೆಯ ಹಾದಿಯಲ್ಲೇ ಬರುತ್ತದೆ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಜಾಗದ ಮೇಲೆ ನಿಂತು ನೋಡಿದರೆ ಸರ್ವೆ ನಂಬರು, ಹಳ್ಳ, ಕೆರೆ ಅಂಗಳ ತೋರಿಸುತ್ತದೆ. ಅದಕ್ಕೆ ಕಾಸಿಲ್ಲ, ಹತ್ತು ನಿಮಿಷದ ಕೆಲಸ.

ಶುಂಠಿಯ ಮಾತೂ ಇಲ್ಲಿಯೇ ಬರಬೇಕು. ಹಾಸನ ಸುತ್ತ ಆಲೂಗೆಡ್ಡೆ ಅಂಗಮಾರಿಗೆ ಸಿಕ್ಕಿ ನಷ್ಟವಾದ ಮೇಲೆ ಎಷ್ಟೋ ಜಮೀನು ಶುಂಠಿಗೆ ಗುತ್ತಿಗೆ ಹೋಯಿತು. ಶುಂಠಿ ನೀರನ್ನೂ ಔಷಧಿಯನ್ನೂ ಧಾರಾಳವಾಗಿ ಕೇಳುವ ಬೆಳೆ. ಹಳ್ಳಿಯ ಶುದ್ಧ ಗಾಳಿ ಎಂದು ಬಂದವರ ಮನೆ ಗೋಡೆಗೆ ತಾಗಿಯೇ ಶುಂಠಿ ಪಟ್ಟೆ ಇದ್ದರೆ ಸಿಂಪರಣೆಯ ವಾಸನೆ ತಿಂಗಳುಗಟ್ಟಲೆ ಕಿಟಕಿಯೊಳಗೆ ಬರುತ್ತದೆ. ಬೆಳೆಗಾರರನ್ನು ದೂರುವುದಕ್ಕಲ್ಲ ಇದನ್ನು ಹೇಳುವುದು, ಅದು ಅವರ ಹೊಟ್ಟೆಪಾಡು, ಅವರು ಮೊದಲಿನಿಂದ ಅಲ್ಲಿದ್ದವರು. ಬೆಳೆ ಇರುವ ಕಾಲದಲ್ಲಿ ಹೋಗಿ ನೋಡದೆ ಬೇಸಿಗೆಯ ಖಾಲಿ ಹೊಲ ನೋಡಿ ಒಪ್ಪಿಕೊಂಡವರಿಗೆ ಇದು ಗೊತ್ತಾಗುವುದಿಲ್ಲ.

ನೈಟ್ ಹಾಲ್ಟ್ ಬಸ್ಸು

ಓಡಾಟದ ಖರ್ಚನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಹದಿನೆಂಟು ಕಿಲೋಮೀಟರ್ ದೂರದ ಊರಾದರೆ ದಿನಕ್ಕೆ 36, ತಿಂಗಳಿಗೆ ಇಪ್ಪತ್ತೈದು ದಿನಕ್ಕೆ 900 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ ನೂರು ಎಂದೇ ಇಟ್ಟುಕೊಂಡರೂ ಐವತ್ತು ಕೊಡುವ ಬೈಕಿಗೆ 1,800 ರೂಪಾಯಿ, ಹದಿನೈದು ಕೊಡುವ ಕಾರಿಗೆ 6,000. ಗಂಡ ಹೆಂಡತಿ ಬೇರೆ ಬೇರೆ ವೇಳೆಗೆ ಹೊರಟರೆ ಎರಡು ಗಾಡಿ. ಮಗುವಿಗೆ ಸಂಜೆ ಟ್ಯೂಷನ್ ಇದ್ದರೆ ಇನ್ನೊಂದು ಓಡಾಟ. ಸೈಟಿನ ಬೆಲೆಯಲ್ಲಿ ಉಳಿದದ್ದು ಕೆಲವೇ ವರ್ಷಗಳಲ್ಲಿ ರಸ್ತೆಯ ಮೇಲೆ ಸುರಿದುಹೋಗುತ್ತದೆ.

ಈ ಲೆಕ್ಕವನ್ನು ಬದಲಿಸುವುದು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಸಾಮಾನ್ಯ ಸಾರಿಗೆಯಲ್ಲಿ ಪ್ರಯಾಣ ಉಚಿತ. ನಗರದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಹಳ್ಳಿಯಲ್ಲಿ ಉಳಿಯುವುದನ್ನು ಇದು ನಿಜಕ್ಕೂ ಸಾಧ್ಯ ಮಾಡಿದೆ. ಜೊತೆಗೆ ಬೆಳಗಿನ ಬಸ್ಸುಗಳು ಕಾಲಿಡಲು ಜಾಗವಿಲ್ಲದಷ್ಟು ತುಂಬಿವೆ. ದಾರಿಯ ಕೊನೆಯ ಊರುಗಳವರಿಗೆ ಸೀಟು ಸಿಗುತ್ತದೆ, ನಡುವಿನ ಊರುಗಳಲ್ಲಿ ಕೆಲವೊಮ್ಮೆ ಬಸ್ಸು ನಿಲ್ಲುವುದೇ ಇಲ್ಲ.

ಊರು ನೋಡಲು ಹೋದಾಗ ಒಂದು ಗುರುತು ಹುಡುಕಿ, ಅಲ್ಲಿ ನೈಟ್ ಹಾಲ್ಟ್ ಬಸ್ಸು ಇದೆಯೇ ಎಂದು. ರಾತ್ರಿ ಕೊನೆಯ ಸರದಿಯಲ್ಲಿ ಬಂದು ಊರಲ್ಲೇ ನಿಂತು ಬೆಳಗ್ಗೆ ಮೊದಲ ಸರದಿಗೆ ಹೊರಡುವ ಬಸ್ಸು ಅದು. ಅದಿದ್ದ ಊರಲ್ಲಿ ತಡವಾಗಿ ಮನೆಗೆ ಬರಬಹುದು, ಬೇಗ ಹೊರಡಲೂಬಹುದು. ಹೆದ್ದಾರಿಯ ಕೂಡುರಸ್ತೆಯಲ್ಲಿ ಇಳಿದು ಕತ್ತಲಲ್ಲಿ ಮೂರು ಕಿಲೋಮೀಟರ್ ನಡೆಯುವುದು ತಪ್ಪುತ್ತದೆ.

ಬರುವವರಿಂದ ಊರಿಗೆ ಏನಾಗುತ್ತದೆ

ಈ ಚರ್ಚೆ ಸಾಮಾನ್ಯವಾಗಿ ಕೊಳ್ಳುವವರ ಕಡೆಯಿಂದಲೇ ನಡೆಯುತ್ತದೆ. ಊರಿನ ಕಡೆಯಿಂದ ನೋಡಿದರೆ ಮೊದಲ ಪರಿಣಾಮ ಬೆಲೆಯದು. ಹೊರಗಿನವರ ಸಂಬಳಕ್ಕೆ ಹೊಂದುವ ಬೆಲೆ ಒಮ್ಮೆ ನಿಂತರೆ ಅದೇ ಊರಿನ ಕೂಲಿಕಾರರ, ಸಣ್ಣ ರೈತರ ಮಕ್ಕಳಿಗೆ ತಮ್ಮ ಊರಲ್ಲಿ ಒಂದು ಸೈಟು ಕೊಳ್ಳಲು ಆಗುವುದಿಲ್ಲ.

ಎರಡನೆಯದು ದಾರಿ. ಹೊಲಗಳಿಗೆ ಹೋಗುವ ಬಂಡಿದಾರಿಗಳಲ್ಲಿ ಕೆಲವು ಗ್ರಾಮ ನಕ್ಷೆಯಲ್ಲಿರುತ್ತವೆ, ಎಷ್ಟೋ ದಾರಿಗಳು ತಲೆಮಾರಿನ ಒಪ್ಪಂದದ ಮೇಲೆ ನಡೆದುಕೊಂಡು ಬಂದವು. ಕೊಂಡವರು ತಮ್ಮ ಅಳತೆಗೆ ಸರಿಯಾಗಿ ತಂತಿಬೇಲಿ ಎಳೆದ ದಿನ ಹಿಂದಿನ ನಾಲ್ಕು ಹೊಲಗಳಿಗೆ ಟ್ರ್ಯಾಕ್ಟರ್ ಹೋಗುವುದಿಲ್ಲ. ಜಗಳ ಶುರುವಾಗುತ್ತದೆ, ಹೊಸಬರು ಮತ್ತು ಊರವರ ಸಂಬಂಧ ಮೊದಲ ವರ್ಷವೇ ಕೆಡುತ್ತದೆ. ಕ್ರಯಕ್ಕೆ ಮೊದಲು, ಮಾರುವ ಭಾಗದ ಅಳತೆ ತೋರಿಸುವ 11ಇ ನಕ್ಷೆ ನೋಡುವಾಗಲೇ ಅಕ್ಕಪಕ್ಕದ ಹೊಲದವರನ್ನು ಕರೆಸಿ, ಯಾರ ದಾರಿ ಎಲ್ಲಿ ಎಂದು ಮಾತಾಡಿಕೊಂಡು ಜಾಗ ಬಿಟ್ಟರೆ ಇದು ತಪ್ಪುತ್ತದೆ. ಹತ್ತು ಅಡಿ ಹೋಗುತ್ತದೆ, ಇರಲಿ.

ಮೂರನೆಯದು ಊರಿನ ಲೆಕ್ಕದಲ್ಲಿ ಪಾಲು. ಹಬ್ಬಕ್ಕೆ ವರಿ, ಕೆರೆ ಹೂಳಿಗೆ ಒಂದು ಕೈ, ಗ್ರಾಮಸಭೆಗೆ ಹಾಜರಿ. ಲೇಔಟುಗಳಲ್ಲಿ ನೆಲೆಸಿದವರು ಮತದಾರರ ಪಟ್ಟಿಯನ್ನೂ ನಗರದ ಹಳೆಯ ವಿಳಾಸದಲ್ಲೇ ಉಳಿಸಿಕೊಳ್ಳುತ್ತಾರೆ. ಹಾಗಾದಾಗ ಪಂಚಾಯಿತಿ ಸದಸ್ಯರಿಗೆ ಅವರ ಚರಂಡಿಯ ಬಗ್ಗೆ ಉತ್ತರ ಹೇಳುವ ಅಗತ್ಯವೇ ಬೀಳುವುದಿಲ್ಲ. ಹೆಸರು ಊರಿನ ಪಟ್ಟಿಗೆ ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಕ್ರಿಯಾ ಯೋಜನೆಯಲ್ಲಿ ಆ ಕೆಲಸ ಸೇರಿತೋ ಇಲ್ಲವೋ ನೋಡಬಹುದು.

ಗಡಿಯ ಮೇಲಿನ ಊರುಗಳು

ಪಾಲಿಕೆಯ ಗಡಿ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಮುಂದಿನ ಕೆಲವು ವರ್ಷಗಳ ಬೆಲೆ, ತೆರಿಗೆ, ಸೌಕರ್ಯ ನಿಂತಿದೆ. ಒಳಗೆ ಬಂದ ಊರಿನಲ್ಲಿ ಪಂಚಾಯಿತಿ ಖಾತೆಗಳು ನಗರದ ಖಾತೆಗಳಾಗಿ ಬದಲಾಗಬೇಕು. ಪಂಚಾಯಿತಿಯಲ್ಲಿ ಅನಧಿಕೃತ ಎಂದಿದ್ದದ್ದು ಅಲ್ಲೂ ಬಿ ಖಾತೆಯ ಸಾಲಿಗೇ ಹೋಗುವ ಸಾಧ್ಯತೆ ಹೆಚ್ಚು. ಪಾಲಿಕೆ ಬಂದ ಮೇಲೆ ತಾನೇ ಸರಿಹೋಗುತ್ತದೆ ಎಂದು 11ಬಿ ಜಾಗ ಕೊಳ್ಳುವುದಕ್ಕೆ ಹಾಗಾಗಿ ಆಧಾರವಿಲ್ಲ. 9 ಮತ್ತು 11ಎ ಇರುವ ಸ್ವತ್ತಿಗೆ ಗಡಿ ಅತ್ತ ಸರಿದರೂ ಇತ್ತ ಸರಿದರೂ ಪೆಟ್ಟು ಕಡಿಮೆ, ತೆರಿಗೆ ಏರಬಹುದು ಅಷ್ಟೆ.

ಹಳ್ಳಿ ಗೊತ್ತುಮಾಡಿಕೊಂಡವರು ಪಂಚಾಯಿತಿ ಕಚೇರಿಗೆ ಹೋಗಿ ಪಿಡಿಒ ಅವರಲ್ಲಿ ಕೇಳಬೇಕಾದದ್ದು ಮೂರು. ಈ ಊರು ಪಾಲಿಕೆಗೆ ಸೇರುವ ಪಟ್ಟಿಯಲ್ಲಿದೆಯೇ, ಈ ಸರ್ವೆ ನಂಬರಿನ ಬಡಾವಣೆ ನಕ್ಷೆಗೆ ಅನುಮೋದನೆ ಕೊಟ್ಟವರು ಯಾರು, ಅದರ ರಸ್ತೆ ಮತ್ತು ಉದ್ಯಾನದ ಜಾಗ ಪಂಚಾಯಿತಿಗೆ ಬರೆದುಕೊಟ್ಟಾಗಿದೆಯೇ. ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಆ ಲೇಔಟಿನ ರಸ್ತೆ ಇನ್ನೂ ಮಾರಿದವರದ್ದೇ, ಅದಕ್ಕೆ ಪಂಚಾಯಿತಿ ಒಂದು ಬುಟ್ಟಿ ಜಲ್ಲಿ ಹಾಕಲೂ ಬರುವುದಿಲ್ಲ.